ದಯೆಯೂ ಸಂಶಯವೂ

ಗುಣಕಾರಿಯೆಂದು ಹೆಸರಾದ ಔಷಧವನ್ನು ಅರ್ಧಮಂದಿ ಗರ್ಭಿಣಿಯರಿಗೆ ಕೊಟ್ಟು, ಉಳಿದವರಿಗೆ ನೋಟಕ್ಕೆ ಅಂಥದೇ ಆದ ಹುಸಿಮದ್ದನ್ನು ಕೊಡುವುದು ಧರ್ಮವೇ? ಅಲ್ಲವೆಂದೇ ಮನಸ್ಸು ಮೊದಲು ನುಡಿಯುತ್ತದೆ.

ದಿನ ತುಂಬದೆ ಹುಟ್ಟುವ ಶಿಶುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಚುಚ್ಚಿದರೆ ಅದು ಬೇಗನೆ ಬಲಿಯುವುದೆಂದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್, ಹೋವೀ ಎಂಬ ವೈದ್ಯರಿಬ್ಬರು ತೋರಿಸಿಕೊಟ್ಟರು. ಹಾಗಾದರೆ ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಬಾರದೇಕೆ? ಬೆಳಗಾವಿಯ ಸೀಮೆಯೂ ಸೇರಿದಂತೆ ಆರು ದೇಶಗಳಲ್ಲಿ ಹಾಗೆ ಮಾಡಿ ನೋಡಿದರು. ಹೋಲಿಕೆಗೆಂದು ಕೆಲವು ಪ್ರದೇಶಗಳನ್ನು ಮೊದಲಿನಂತೆಯೇ ಬಿಟ್ಟಿದ್ದರು. ಫಲ ಪ್ರಕಟವಾದದ್ದು 2015ರಲ್ಲಿ. ಔಷಧ ಮುಟ್ಟಿಸಿದ ಕಡೆ ಸಾವಿರ ಶಿಶುಗಳಿಗೆ ಮೂರು ನಾಲ್ಕು ಹೆಚ್ಚಾಗಿಯೇ ಸತ್ತಿದ್ದವು! ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಹೋಲಿಕೆಯಿಲ್ಲದಿದ್ದರೆ ಈ ಸಾವುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಿಧಿಯೆಂದು ಅತ್ತು ಸುಮ್ಮನಾಗುತ್ತಿದ್ದರು. ಸಂಶಯಪಡದ ದಯೆ ಎಷ್ಟು ನಿಶ್ಶಬ್ದವಾಗಿ ಕೊಲ್ಲಬಲ್ಲದು!

ಆದಕಾರಣ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಈ ಸಲ ಹುಸಿಮದ್ದಿನೊಡನೆ, ಮತ್ತೆ ಪರೀಕ್ಷೆ ನಡೆಯಿತು. ಗರ್ಭದ ದಿನಗಳನ್ನು ಸರಿಯಾಗಿ ಎಣಿಸಿ 2,852 ಗರ್ಭಿಣಿಯರನ್ನು ಸೇರಿಸಿಕೊಂಡರು. ನೂರಕ್ಕೆ 23.5 ಇದ್ದ ನವಜಾತರ ಮರಣ ಔಷಧದಿಂದ 19.6ಕ್ಕೆ ಇಳಿಯಿತು. ಗುಣ ಸ್ಪಷ್ಟವಾದೊಡನೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿ, 2020ರಲ್ಲಿ ಫಲವನ್ನು ಪ್ರಕಟಿಸಿದರು.

ಹೀಗೆ ಸಂಶಯಪಟ್ಟದ್ದು ನ್ಯಾಯವೆಂದೇ ನನ್ನ ಮತ. ಆದರೆ ಹುಸಿಮದ್ದಿನ ಪಾಲಿಗೆ ಬಂದು ಮಗುವನ್ನು ಕಳೆದುಕೊಂಡ ತಾಯಿಗೆ ಈ ನ್ಯಾಯವನ್ನು ಯಾವ ಬಾಯಿಂದ ಹೇಳುವುದು? ಒಪ್ಪಿಗೆ ಕೊಟ್ಟಿದ್ದಳೆನ್ನಬಹುದು, ಅಕಾಲದ ಹೆರಿಗೆಯ ಭಯದಲ್ಲಿ ಕೊಟ್ಟ ಒಪ್ಪಿಗೆ ಅದು.