ಮೆಟ್ಟಿಲ ಮೇಲಿನ ಹೆಜ್ಜೆ

ಮನೆಯೆಂಬುದು ನೆಮ್ಮದಿಗಾಗಿ. ಆ ನೆಮ್ಮದಿಯನ್ನು ಕೆಡಿಸುವುದಕ್ಕೆಂದೇ ಹುಟ್ಟಿದ ಕಲೆಯನ್ನು ಒಬ್ಬಾತ ಹಣ ತೆತ್ತು ಮನೆಯೊಳಗೆ ತಂದಿಟ್ಟುಕೊಂಡರೆ, ಗೆದ್ದದ್ದು ಕಲೆಯೋ ಮನೆಯೋ? ಇಂಗ್ಲೆಂಡಿನ ಸಿರಿವಂತ ಎಡ್ವರ್ಡ್ ಜೇಮ್ಸನ ವೃತ್ತಾಂತವನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1924ರಲ್ಲಿ ಆಂದ್ರೆ ಬ್ರೆತೊಂ ಪ್ಯಾರಿಸಿನಲ್ಲಿ ಸರ್ರಿಯಲಿಸಂ ಪಂಥದ ಪ್ರಣಾಳಿಕೆಯನ್ನು ಹೊರಡಿಸಿದ. ಕನಸಿನ ಬಲದಿಂದ ಗೃಹಸ್ಥರ ಒಪ್ಪ ಓರಣದ ಬದುಕನ್ನು ಅಲುಗಿಸಬೇಕೆಂಬುದು ಆ ಪಂಥದವರ ಹಟ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಸಾಲ್ವಡಾರ್ ಡಾಲಿಯ ಕನಸು ಜೇಮ್ಸನ ಮನೆಯ ಸಾಮಾನಾಗಿತ್ತು: ನಟಿ ಮೇ ವೆಸ್ಟಳ ತುಟಿಯ ಆಕಾರದ ಸೋಫಾ, ಕಿವಿಗಿಡುವ ಹಿಡಿಯ ಮೇಲೆ ಲಾಬ್‌ಸ್ಟರ್ ಎಂಬ ಕಡಲ ಜೀವಿಯನ್ನು ಕೂರಿಸಿದ ಟೆಲಿಫೋನು.

ಮೊದಲ ದಿನ ಅತಿಥಿಗಳು ಬೆಚ್ಚಿರಬಹುದು. ಹತ್ತನೆಯ ದಿನ? ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ವರ್ಷ ವರ್ಷವೂ ಪಾಠ ಹೇಳುವವನು ನಾನು. ಗಂಟೆ ಬಾರಿಸಿದಾಗಲೆಲ್ಲ ಎತ್ತಬೇಕಾದ ವಸ್ತುವಿನಲ್ಲಿ ವಿಸ್ಮಯ ಎಷ್ಟು ದಿನ ಸ್ಥಾಯಿಯಾಗಿ ನಿಂತೀತು? (ಪಾಠದ ಗತಿಯೂ ಅದೇ, ಆ ಮಾತು ಬೇರೆ.) 2018ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳು ಅಂಥದೊಂದು ಟೆಲಿಫೋನಿಗೆ 8,53,000 ಪೌಂಡು ಕೊಟ್ಟವು. ಬೆಲೆ ಏರಿತು, ಬೆಚ್ಚುವುದು ನಿಂತಿತು.

ಹಾಗೆಂದು ಜೇಮ್ಸನನ್ನು ನಗುವುದು ನ್ಯಾಯವಲ್ಲ. ಡಾಲಿಗೆ ಅನ್ನ ಕೊಟ್ಟವನು ಅವನು. 1937ರಲ್ಲಿ ಮಾಗ್ರಿಟ್ ಬರೆದ ಚಿತ್ರದಲ್ಲಿ ಕನ್ನಡಿಯ ಮುಂದೆ ನಿಂತು, ಕನ್ನಡಿಯೊಳಗೂ ತನ್ನ ಬೆನ್ನನ್ನೇ ಕಾಣುವವನೂ ಅವನೇ. ಕೊಂಡವನೆಲ್ಲ ಕಲೆಯನ್ನು ಕೊಂದವನೆಂದು ನಾನು ಹೇಳಲಾರೆ.

ಅವನ ಮನೆಯಲ್ಲಿ ನನ್ನನ್ನು ನಿಲ್ಲಿಸುವುದು ಸೋಫಾ ಅಲ್ಲ, ಮೆಟ್ಟಿಲ ಹಾಸು. ವಿಯೆನ್ನಾದ ನರ್ತಕಿ ಟಿಲ್ಲಿ ಲಾಶ್‌ಳನ್ನು ಅವನು 1931ರಲ್ಲಿ ಮದುವೆಯಾದ. ಆಕೆ ಸ್ನಾನ ಮುಗಿಸಿ ಒದ್ದೆಗಾಲಿನಲ್ಲಿ ನಡೆದು ಮೂಡಿದ ಗುರುತುಗಳನ್ನು ಕಂಡು, ಅವನ್ನೇ ರತ್ನಗಂಬಳಿಯಲ್ಲಿ ನೆಯ್ಸಿದನಂತೆ. 1934ರಲ್ಲಿ ವಿಚ್ಛೇದನವಾಯಿತು. ಆಮೇಲೆ ಅವನು ನೆಯ್ಸಿದ ಇನ್ನೊಂದು ಹಾಸಿನಲ್ಲಿದ್ದದ್ದು ಅವನ ನಾಯಿಯ ಹೆಜ್ಜೆ. ನಾಯಿಯೇ ಹೆಚ್ಚು ನಂಬಿಕಸ್ಥ ಎಂಬ ಕೊಂಕು ಅದರಲ್ಲಿತ್ತೆಂದು ಹೇಳುವವರಿದ್ದಾರೆ.

ಡಾಲಿಯಿಂದ ಕೊಂಡದ್ದು ಡಾಲಿಯ ಕನಸು. ಇದು ಜೇಮ್ಸನದೇ ನೋವು. ಆದ್ದರಿಂದಲೇ ಇದು ಸವೆಯುವುದಿಲ್ಲ, ಸುಖವಾಗಿಯೂ ಇರಗೊಡುವುದಿಲ್ಲ. ಹೆಂಡತಿಯಾಗಿದ್ದವಳ ಹೆಜ್ಜೆಗೆ ಬದಲು ನಾಯಿಯ ಹೆಜ್ಜೆಯನ್ನು ನೆಯ್ಸುವುದು ಕಲೆಯೋ ಹಗೆಯೋ ನಾನು ತೀರ್ಮಾನಿಸಲಾರೆ. ಒಂದನ್ನು ಮಾತ್ರ ಮತ್ತೆ ಮತ್ತೆ ಕೇಳಿಕೊಳ್ಳುತ್ತೇನೆ: ಆ ಮೆಟ್ಟಿಲು ಹತ್ತಿದ ಅತಿಥಿ ಗುರುತಿನ ಮೇಲೆಯೇ ಕಾಲಿಟ್ಟನೋ, ಅದನ್ನು ತಪ್ಪಿಸಿ ಅಂಚಿನಲ್ಲಿ ನಡೆದನೋ?