ಪೂರ್ವಾಶ್ರಯವೂ ಠಾಣೆಯ ದಫ್ತರವೂ

ತಪ್ಪಿಗೆ ದಂಡ ತೆತ್ತವನ ಹೆಸರು ಠಾಣೆಯ ದಫ್ತರದಲ್ಲಿ ಎಂದಿನವರೆಗೆ ನಿಲ್ಲಬೇಕು? ಘೋರಾಪರಾಧದ ಕೆಲವು ಪ್ರಸಂಗಗಳ ಹೊರತು, ಬಾಲಾಪರಾಧಿಯ ದಾಖಲೆಯನ್ನು ಕಾಲಾನಂತರ ನಾಶಗೊಳಿಸಬೇಕೆಂದು 2015ರ ಬಾಲನ್ಯಾಯ ಕಾಯಿದೆ ವಿಧಿಸಿದೆ. ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹುಟ್ಟನ್ನೇ ಅಪರಾಧವೆಂದೆಣಿಸಿ 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟು ಕಾನೂನು 1952ರಲ್ಲಿ ರದ್ದಾಯಿತು. ಆದರೂ ಕೊರಚ, ಕೊರಮರ ಮೇಲಣ ಸಂಶಯವು ಜನಮನದಿಂದ ಅಳಿಯಲಿಲ್ಲ.

ದೀಕ್ಷೆ ಪಡೆದವನ ಪೂರ್ವಾಶ್ರಯವನ್ನು ಕೆದಕಲಾಗದೆಂಬುದು ಶರಣರ ನಿಲುವು. ಹಾಗಾದರೆ ಕನ್ನದ ಮಾರಿತಂದೆಯ ಹೆಸರಿನಲ್ಲಿ ಹಳೆಯ ಕಳವಿನ ಗುರುತು ಏಕೆ ಉಳಿಯಿತೆಂದು ಕೇಳಬಹುದು. ಉಳಿದರೂ ಅದು ನಿಂದೆಯಾಗಲಿಲ್ಲ. ಆ ಹೆಸರಿನಿಂದಲೇ ಅವನು ವಚನಕಾರನೆಂದು ಪೂಜ್ಯನಾದನು. ತಪ್ಪಿನ ನೆನಪು ಮಾಡಿದವನಲ್ಲಿದ್ದರೆ ಎಚ್ಚರ. ಪರರ ಕೈಯಲ್ಲಿದ್ದರೆ ಸಂಕೋಲೆ.

ನೊಂದವನ ಋಣ ತೀರದೆ ದಾಖಲೆಯನ್ನು ಅಳಿಸುವುದು ನ್ಯಾಯವಲ್ಲ, ನಿಜ. ಆದರೆ ಋಣ ತೀರಿಸಿ, ಬಹುಕಾಲ ನೆಟ್ಟಗೆ ಬಾಳಿದವನ ದಾಖಲೆ ನ್ಯಾಯಾಲಯದ ಮುದ್ರೆಯೊಳಗಿರಲಿ; ಕೂಲಿ ಕೊಡುವವನ ಕೈಗೆ ಬಾರದಿರಲಿ. ಶ್ರದ್ಧೆಯಿಂದ ಯತ್ನಿಸಿದರೆ ಸಣ್ಣವನೂ ಉನ್ನತಿ ಪಡೆವನೆಂದು ಅಶೋಕನು ನಮ್ಮ ಬ್ರಹ್ಮಗಿರಿಯ ಬಂಡೆಯಲ್ಲಿ ಬರೆಯಿಸಿದನು. ಆ ಯತ್ನಕ್ಕೆ ಎಡೆಗೊಡುವುದು ಗೃಹಸ್ಥಭಕ್ತರಾದ ನಮ್ಮ ಧರ್ಮ.