ಹಳೆಯ ತಪ್ಪುಗಳ ಮರುಮುದ್ರಣ

ಭಾನುವಾರದ ಬಲಿಪೂಜೆಯ ಬಳಿಕ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ದಪ್ಪನೆಯ ಗ್ರಂಥವೊಂದನ್ನು ಹಿಡಿದು ನನ್ನ ಕೊಠಡಿಗೆ ಬಂದ. ತನ್ನ ಮನೆತನದ ಮೂಲವನ್ನು ಅರಿಯುವ ಹಂಬಲದಿಂದ ಕೊಂಡ ಪುಸ್ತಕವದು. ಮದರಾಸು ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ ಸಿದ್ಧಪಡಿಸಿ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ‘ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳು’ ಗ್ರಂಥದ ಒಂದು ಸಂಪುಟದ ಮರುಮುದ್ರಣ. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಬಂಟರು, ಬಿಲ್ಲವರು, ಕೊರಗರು, ಹೊಲೆಯರು ಎಲ್ಲರೂ ಆ ಸಂಪುಟಗಳಲ್ಲಿದ್ದಾರೆ. ಜಾತಿಯ ಹೆಸರಿನಡಿ ಮೂಗಿನ ಅಗಲ, ತಲೆಯ ಉದ್ದಗಳ ಅಂಕಿಗಳನ್ನು ಕಂಡು ಅವನು ಕಸಿವಿಸಿಗೊಂಡಿದ್ದ. “ಫಾದರ್, ಇದು ನಿಜವೇ? ನಿಜವಲ್ಲದಿದ್ದರೆ ಇಂದಿಗೂ ಏಕೆ ಅಚ್ಚು ಹಾಕುತ್ತಾರೆ?”

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯೇ ‘ನಾಸಿಕ ಸೂಚ್ಯಂಕ’. ಈ ಸಂಖ್ಯೆ ಏರಿದಂತೆಲ್ಲ ಜಾತಿಯ ಸ್ಥಾನ ಇಳಿಯುತ್ತದೆ ಎಂದು 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ ನಂಬಿದ್ದ. ವಿಜ್ಞಾನ ಈ ನಂಬಿಕೆಯನ್ನು ಕೈಬಿಟ್ಟು ಬಹುಕಾಲವಾಯಿತು. ಮನುಷ್ಯರ ನಡುವಿನ ಆನುವಂಶಿಕ ಭೇದದ ಸುಮಾರು ಶೇಕಡ 85ರಷ್ಟು ಒಂದೇ ಸಮುದಾಯದೊಳಗೇ ಇರುವುದನ್ನು ರಿಚರ್ಡ್ ಲೆವಾಂಟಿನ್ 1972ರಲ್ಲಿ ತೋರಿಸಿಕೊಟ್ಟರು.

ಎರಡನೆಯ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು. ಗುರುಮಠದಲ್ಲಿ ಓದುತ್ತಿದ್ದಾಗ, ಇಂಥ ಪುಸ್ತಕಗಳು ಕಪಾಟಿನಲ್ಲೂ ಇರಬಾರದೆಂದು ವಾದಿಸುತ್ತಿದ್ದವನು ನಾನೇ. ಪುಸ್ತಕಗಳನ್ನು ನಿಷೇಧಿಸುವುದರಲ್ಲಿ ನಮ್ಮ ಧರ್ಮಸಭೆಗೆ ದೀರ್ಘ ಅನುಭವವಿದೆ. ನಾಜಿ ಚಿಂತಕ ಆಲ್ಫ್ರೆಡ್ ರೋಸೆನ್‌ಬರ್ಗ್‌ನ ಗ್ರಂಥವನ್ನು 1934ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಲಾಯಿತು. ಹಿಟ್ಲರನ ‘ಮೈನ್ ಕಾಂಫ್’ ಆ ಪಟ್ಟಿಗೆ ಸೇರಲೇ ಇಲ್ಲ. 1966ರಲ್ಲಿ ಪಟ್ಟಿಯೇ ಕೊನೆಗೊಂಡಿತು. ಬಲೆಗೆ ಸಣ್ಣ ಮೀನು ಬಿದ್ದು ದೊಡ್ಡದು ನುಣುಚಿಕೊಂಡ ಕಥೆಯಿದು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಅಳತೆಗಳನ್ನು ಸುಟ್ಟುಹಾಕಿದ್ದರೆ ಅವುಗಳಿಂದ ಮಾಡಿದ ಸಿದ್ಧಾಂತವನ್ನು ಅವುಗಳಿಂದಲೇ ಮುರಿಯುವುದು ಸಾಧ್ಯವಾಗುತ್ತಿತ್ತೇ? ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1932ರ ತಮ್ಮ ಗ್ರಂಥದಲ್ಲಿ ರಿಸ್ಲಿಯ ಅಂಕಿಗಳನ್ನು ಮತ್ತೆ ಪರಿಶೀಲಿಸಿದರು; ಉತ್ತರದ ಒಂದು ಪ್ರದೇಶವನ್ನು ಬಿಟ್ಟರೆ ಜಾತಿಯ ಮೇಲುಕೀಳಿಗೂ ಮೂಗಿಗೂ ಹೊಂದಾಣಿಕೆಯಿಲ್ಲವೆಂದರು. ಡಾ. ಅಂಬೇಡ್ಕರ್ ಅಸ್ಪೃಶ್ಯರ ಮೂಲವನ್ನು ಕುರಿತು 1948ರಲ್ಲಿ ಬರೆದ ಕೃತಿಯಲ್ಲಿ ಅಂಥ ಅಂಕಿಗಳನ್ನೇ ಎದುರಿಗಿಟ್ಟುಕೊಂಡು, ಈ ಅಳತೆಯ ಶಾಸ್ತ್ರವನ್ನು ನಂಬುವುದೇ ಆದರೆ ಅಸ್ಪೃಶ್ಯರು ಬೇರೊಂದು ಜನಾಂಗದವರೆಂಬ ಮಾತು ನಿಲ್ಲದು ಎಂದು ವಾದಿಸಿದರು. ಅವಮಾನಿಸಲು ಬರೆದ ಪುಟವೇ ಅವಮಾನಿತರ ಪರವಾದ ಸಾಕ್ಷಿಯಾಯಿತು. ಆದ್ದರಿಂದ ಪುಸ್ತಕ ಉಳಿಯಬೇಕು. ಆದರೆ ಹೇಗೆ ಉಳಿಯಬೇಕು?

‘ಮೈನ್ ಕಾಂಫ್’ ಕೃತಿಯ ಹಕ್ಕು ಬವೇರಿಯಾ ರಾಜ್ಯದ ಬಳಿಯಿತ್ತು. ಅದು 2015ರ ಕೊನೆಗೆ ಮುಗಿದಾಗ, ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ 2016ರ ಜನವರಿಯಲ್ಲಿ ಎರಡು ಸಂಪುಟಗಳ ಆವೃತ್ತಿಯನ್ನು ತಂದಿತು. ಸುಮಾರು 2,000 ಪುಟಗಳು, 3,500ಕ್ಕೂ ಹೆಚ್ಚು ಟಿಪ್ಪಣಿಗಳು! ಸುಳ್ಳೊಂದು ಬಂದಲ್ಲಿ ಅದೇ ಪುಟದಲ್ಲಿ ಉತ್ತರವೂ ಇದೆ. ನಮ್ಮ ದೇಶದ ಅಂಗಡಿಗಳಲ್ಲಾದರೋ ಅದೇ ಪುಸ್ತಕ ಯಾವ ಟಿಪ್ಪಣಿಯೂ ಇಲ್ಲದೆ, ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಕುಳಿತಿರುವುದನ್ನು ನಾನು ಕಂಡಿದ್ದೇನೆ.

ಟಿಪ್ಪಣಿಯ ಅಗತ್ಯ ನಮಗೆ ಹೊಸತೇನಲ್ಲ. ಪವಿತ್ರ ಗ್ರಂಥದ ಭಾಷಾಂತರಗಳು ತಕ್ಕ ವಿವರಣೆಗಳೊಂದಿಗೇ ಪ್ರಕಟವಾಗಬೇಕೆಂದು ಧರ್ಮಸಭೆಯ ಕಾನೂನಿನ 825ನೆಯ ವಿಧಿ ಹೇಳುತ್ತದೆ. ದೇವರ ವಾಕ್ಯವನ್ನೂ ಮನುಷ್ಯ ತಪ್ಪಾಗಿ ಓದಬಲ್ಲ. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ನೋವನು ಶಪಿಸುವುದು ಕಾನಾನನನ್ನು; ಅಲ್ಲಿ ಮೈಬಣ್ಣದ ಪ್ರಸ್ತಾಪವೇ ಇಲ್ಲ. ಆದರೂ ಶತಮಾನಗಳ ಕಾಲ ಕ್ರೈಸ್ತರೇ ಆ ವಚನವನ್ನು ತೋರಿಸಿ ಆಫ್ರಿಕದ ಜನರ ಗುಲಾಮಗಿರಿಯನ್ನು ಸಮರ್ಥಿಸಿದರು. ಹೀಗಿರುವಾಗ ಥರ್ಸ್ಟನ್‌ನ ಪುಟಗಳನ್ನು ಒಂದು ಮುನ್ನುಡಿಯೂ ಇಲ್ಲದೆ, 1909ರಲ್ಲಿ ಇದ್ದಂತೆಯೇ ಅಚ್ಚು ಹಾಕಿ ಮಾರುವ ಪ್ರಕಾಶಕನನ್ನು ನಾನು ನಿರ್ದೋಷಿ ಎನ್ನಲಾರೆ. ಸುಳ್ಳು ಹೇಳಿದವನು ಅವನಲ್ಲ, ನಿಜ. ಆದರೆ ಸುಳ್ಳೆಂದು ತಿಳಿದೂ ಸುಮ್ಮನೆ ಕೈಗಿತ್ತವನು ಅವನೇ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ಸಮಾಧಾನಗೊಂಡಿಲ್ಲ. ಥರ್ಸ್ಟನ್ ತಾನೇ ಬರೆದ ಪ್ರಸಂಗವೊಂದಿದೆ. ವಯನಾಡಿನಲ್ಲಿ ಅವನನ್ನು ಕಂಡ ಪಣಿಯ ಹೆಂಗಸರು, ತಮ್ಮನ್ನು ಹಿಡಿದು ಹೊಟ್ಟು ತುಂಬಿ ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುತ್ತಾನೆಂದು ಹೆದರಿ ಓಡಿದರಂತೆ. ಹಾಗೆ ಮಾಡಲು ಸಾಧ್ಯವಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಅವನು ವಿನೋದವಾಡುತ್ತಾನೆ. ಓಡಿದ ಆ ಹೆಂಗಸರನ್ನು ಪ್ರತಿ ಮರುಮುದ್ರಣವೂ ಮತ್ತೆ ಓಡಿಸುತ್ತದೆ. ಅವರ ಅನುಮತಿಯನ್ನು ಅಂದೂ ಯಾರೂ ಕೇಳಲಿಲ್ಲ, ಇಂದೂ ಕೇಳುವವರಿಲ್ಲ. ಎಷ್ಟು ಟಿಪ್ಪಣಿ ಬರೆದರೆ ಆ ಸಾಲ ತೀರೀತು, ನಾನರಿಯೆ.

ಯುವಕನಿಗೆ ಇದನ್ನೆಲ್ಲ ಹೇಳಿದೆ. ಪುಸ್ತಕವನ್ನು ಧರ್ಮಕೇಂದ್ರದ ಗ್ರಂಥಾಲಯಕ್ಕೆ ಕೊಡಲು ಅವನು ಒಪ್ಪಿದ್ದಾನೆ. ಅದಕ್ಕೆ ಮೊದಲು ಆ ಅಂಕಿಗಳ ಪುಟಕ್ಕೆ ತಾನೇ ಒಂದು ಚೀಟಿ ಬರೆದು ಅಂಟಿಸುತ್ತಾನಂತೆ. ಏನು ಬರೆಯಬೇಕೆಂದು ನನ್ನನ್ನು ಕೇಳಿದ. ನಾನು ಹೇಳಲಿಲ್ಲ, ಅದು ಅವನ ಪೂರ್ವಿಕರ ಪುಟ.